ಹೊನ್ನುಹೊಳೆಯ ಸೀಮೆಯಲ್ಲಿ ಚಿನ್ನದ ಬೇರು

ಯಳಂದೂರು ಬಿಟ್ಟು ಬಿಳಿಗಿರಿರಂಗನ ಬೆಟ್ಟದ ದಾರಿ ಹಿಡಿದಾಗ ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದ ಸೀಮೆ ಇದು. ಇಲ್ಲಿ ಹರಿಯುವ ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎನ್ನುತ್ತಾರೆ. ಚಹಾ ಕುಡಿಯಲು ನಿಂತಲ್ಲಿ ಹಿರಿಯರೊಬ್ಬರನ್ನು ಚಿನ್ನದ ವಿಚಾರ ಕೇಳಿದೆ. "ಹೆಸರೊಂದು ಅದೆ ಕಣಪ್ಪ, ಹೊನ್ನು ಸಿಕ್ಕಿದ್ದ ನಾನಂತೂ ಕಾಣೆ" ಎಂದರು. ಅವರ ಮಾತಿಗೆ ಸಾಕ್ಷಿ ಬೆಟ್ಟದ ಕಲ್ಲಿನಲ್ಲೇ ಇದೆ.

ರಸ್ತೆಗಾಗಿ ಗುಡ್ಡ ಕಡಿದ ಕಡೆಗಳಲ್ಲಿ ಬಂಡೆಯ ಒಳಮೈ ಕಾಣುತ್ತದೆ. ಹೊರಗೆಲ್ಲ ಮಾಸಲು ಬೂದು. ಹೊಸದಾಗಿ ಒಡೆದಲ್ಲಿ ಮಾತ್ರ ಕಪ್ಪಿಗೆ ತಿರುಗಿದ ಹಸಿರು, ಜಿಡ್ಡುಜಿಡ್ಡಾದ ಹೊಳಪು. ಇದೇ ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಯ ಕಲ್ಲನ್ನು ಪರೀಕ್ಷಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಶಿಲೆಗೆ ಈ ಹೆಸರಿಟ್ಟರು. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಡಿ 20ರಿಂದ 25 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಶಾಖದಲ್ಲಿ ಇಲ್ಲಿನ ಕಲ್ಲು ಬೆಂದು ಈ ರೂಪಕ್ಕೆ ಬಂತು. ಮೇಲಿನ ಪದರಗಳೆಲ್ಲ ಸವೆದು ಹೋಗಿವೆ. ರಂಗನಾಥನ ಗುಡಿಯ ಅಂಚಿನಲ್ಲಿ ನಿಂತವರ ಕಾಲಡಿ ಇರುವುದು ಹಳೆಯ ಭೂಖಂಡವೊಂದರ ತಳ.

ಕರ್ನಾಟಕದ ನೆಲ ಒಟ್ಟಾರೆ ಉತ್ತರಕ್ಕೆ ವಾಲಿದೆ. ಹಾಗಾಗಿ ದಕ್ಷಿಣಕ್ಕೆ ಬಂದಷ್ಟೂ ಹೆಚ್ಚು ಆಳದ ಕಲ್ಲು ಹೊರಗೆ ಕಾಣುತ್ತದೆ. ಉತ್ತರದ ಹಟ್ಟಿ, ಗದಗದ ಕಡೆ ಅಷ್ಟು ಆಳಕ್ಕೆ ಇಳಿಯದ, ಅಷ್ಟು ಬೇಯದ ಶಿಲೆಗಳಿವೆ. ನಾಡಿನ ಚಿನ್ನದ ಗುಟ್ಟನ್ನು ತಿಳಿಯಲು ಈ ವಾಲಿಕೆಯೇ ಮೊದಲ ಪಾಠ ಎಂದು ನನಗನ್ನಿಸುತ್ತದೆ.

ಚಿನ್ನದ ಗಣಿಗಳಿರುವುದು ಹೆಚ್ಚಾಗಿ ಹಸಿರುಶಿಲೆಯ ಪಟ್ಟಿಗಳಲ್ಲಿ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದಡಿ ಉಕ್ಕಿದ ಲಾವಾ ಮುಂದೆ ಮಡಿಚಿ, ಒತ್ತಿ, ಕಾದು ಹಸಿರು ಖನಿಜಗಳ ಕಲ್ಲಾಯಿತು. ಕೋಲಾರದ ಪಟ್ಟಿ ಅಂಥದ್ದು. ಉತ್ತರ–ದಕ್ಷಿಣವಾಗಿ 80 ಕಿಲೋಮೀಟರ್ ಉದ್ದ, ಅಗಲವೋ ಕೆಲವೇ ಕಿಲೋಮೀಟರ್. ಆಳದಿಂದ ಮೇಲೇರಿದ ಬಿಸಿನೀರು ಗಂಧಕದ ಜೊತೆ ಕೂಡಿದ ಚಿನ್ನವನ್ನು ಕರಗಿಸಿಕೊಂಡು ಬಂತು. ಬಿರುಕುಗಳು ಮುಚ್ಚಿಕೊಂಡಷ್ಟು ಹೊತ್ತು ಒತ್ತಡ ಏರುತ್ತಿತ್ತು. ಭೂಕಂಪವಾಗಿ ಬಿರುಕು ಬಾಯಿ ತೆರೆದ ಕೂಡಲೇ ಕುಕ್ಕರಿನ ವಿಷಲ್ ಎದ್ದಂತೆ ಒತ್ತಡ ದಿಢೀರನೆ ಇಳಿಯುತ್ತಿತ್ತು, ಕರಗಿದ್ದ ಸಿಲಿಕಾ ಬೆಣಚುಕಲ್ಲಾಗಿ ಹೆಪ್ಪುಗಟ್ಟುತ್ತಿತ್ತು. ಸುತ್ತಲಿನ ಹಸಿರುಶಿಲೆಯಲ್ಲಿದ್ದ ಕಬ್ಬಿಣ ಗಂಧಕವನ್ನು ಎಳೆದುಕೊಂಡ ಕಡೆ ಚಿನ್ನ ಒಂಟಿಯಾಗಿ ಅಲ್ಲೇ ಉಳಿಯಿತು. ಇದು ಒಮ್ಮೆ ಆಗಿ ಮುಗಿದದ್ದಲ್ಲ, ಮತ್ತೆ ಮತ್ತೆ ನಡೆದದ್ದು. ಬೆಣಚಿನ ಎಳೆಗಳಲ್ಲಿ ಪದರದ ಮೇಲೆ ಪದರ ಕಾಣುವುದು ಅದಕ್ಕೇ.

ಕೊಳ್ಳೇಗಾಲ ದಾಟಿ ಹನೂರಿನ ಕಡೆ ಹೋದೆ. ಹೊಲದ ಬದುಗಳಲ್ಲಿ ರೈತರು ಆರಿಸಿ ಹಾಕಿದ ಬಿಳಿ ಬೆಣಚುಕಲ್ಲಿನ ರಾಶಿ ಅಲ್ಲಲ್ಲಿ ಕಂಡಿತು. ಬೆಣಚು ಇದ್ದಲ್ಲೆಲ್ಲ ಚಿನ್ನವಿಲ್ಲ. ಈ ಸೀಮೆಯಲ್ಲಿ ಹೆಚ್ಚಾಗಿರುವುದು ಪಟ್ಟೆಪಟ್ಟೆಯ ನೈಸ್ ಶಿಲೆ. ಕೋಲಾರದಂಥ ಅಗಲವಾದ ಹಸಿರುಶಿಲೆಯ ಪಟ್ಟಿಯೂ ಇಲ್ಲ, ಚಿನ್ನ ನೆಲೆಗೊಳ್ಳಲು ಬೇಕಾದ ಹದವಾದ ಶಾಖವೂ ಇಷ್ಟು ಆಳದಲ್ಲಿ ಇರಲಿಲ್ಲ. ಹಾದುಹೋಗುವ ದ್ರವ ಇಲ್ಲಿ ತಂಗದೆ ಮೇಲಕ್ಕೇರುತ್ತಿತ್ತು.

ಆ ದ್ರವ ನಡೆದ ಜಾಡನ್ನು ಕಣ್ಣಾರೆ ನೋಡಬೇಕೆಂದರೆ ಮಳವಳ್ಳಿಯ ಮೇಲಿಂದ ಕನಕಪುರ ತಾಲ್ಲೂಕಿನ ಕಬ್ಬಾಳಕ್ಕೆ ಹೋಗಬೇಕು. ಅಲ್ಲಿನ ಕ್ವಾರಿಯಲ್ಲಿ ಬೂದು ನೈಸ್‌ನ ನಡುವೆ, ಬಿರುಕುಗಳ ಗುಂಟ, ಕಡುಬಣ್ಣದ ಚಾರ್ನೊಕೈಟ್ ಹಬ್ಬಿರುವುದನ್ನು ಸಿ. ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಹಾದುಹೋಗಿ ಕಲ್ಲಿನ ನೀರಂಶ ಹಿಂಗಿಸಿತು ಎಂಬ ವಿವರಣೆ ಆಮೇಲೆ ಬೆಳೆಯಿತು. ಇಂಥ ತಳದ ಶಿಲೆಗಳಿಂದ ಹೊರಟ ದ್ರವವೇ ಮೇಲಿನ ಗಣಿಗಳ ಚಿನ್ನವನ್ನು ಹೊತ್ತಿರಬಹುದೆಂದು ಕೆಲವರ ವಾದ. ಹಸಿರುಶಿಲೆಯೇ ಕಾದು ನೀರು ಬಿಟ್ಟಿತು, ಅದೇ ಸಾಕು ಎಂಬವರು ಇನ್ನೊಂದು ಪಕ್ಷ. ಎರಡನೆಯದಕ್ಕೆ ಇಂದು ಬೆಂಬಲ ಹೆಚ್ಚು. ಆದರೂ ಕಬ್ಬಾಳದ ಬಂಡೆಯ ಮುಂದೆ ನಿಂತಾಗ ಮೊದಲ ವಾದವನ್ನು ಸುಲಭಕ್ಕೆ ಬಿಡಲು ಮನಸ್ಸಾಗುವುದಿಲ್ಲ.

ಹೊನ್ನುಹೊಳೆಗೂ ಕೋಲಾರಕ್ಕೂ ಮತ್ತೊಂದು ನಂಟಿದೆ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಕೊಳ್ಳೇಗಾಲ ತಾಲ್ಲೂಕಿನಲ್ಲಿ ಈ ಹೊಳೆ ಕಾವೇರಿಯನ್ನು ಸೇರುತ್ತದೆ. ಕಾವೇರಿ ಅಲ್ಲಿಂದ ಶಿವನಸಮುದ್ರಕ್ಕೆ ಬಂದು ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆರಂಭವಾದ ಇಲ್ಲಿನ ವಿದ್ಯುತ್ ಯೋಜನೆ ಮುಗಿದು, 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ಕರೆಂಟ್ ಹರಿಯಿತು. ಬೆಂಗಳೂರಿನ ಬೀದಿದೀಪಗಳಿಗೆ ಅದು ಸಿಕ್ಕಿದ್ದು 1905ರಲ್ಲಿ. ಕೋಲಾರದ ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿಲೋಮೀಟರಿಗೂ ಆಳಕ್ಕಿಳಿಯಿತು. ಒಟ್ಟು 800 ಟನ್ನಿನಷ್ಟು ಚಿನ್ನ ಕೊಟ್ಟ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು.

ಗಗನಚುಕ್ಕಿ ನೋಡಲು ಬಸ್ಸು ಮಾಡಿಕೊಂಡು ಬರುವ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನೀರಿನ ಜೊತೆಗೆ ಅದರ ಕೆಳಗಿನ ಕಲ್ಲನ್ನೂ ಮಕ್ಕಳಿಗೆ ತೋರಿಸಿ. ಬಿಳಿಗಿರಿರಂಗನ ಬೆಟ್ಟಕ್ಕೂ ಹೋದರೆ, ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಸುತ್ತಿಗೆ ಒಯ್ಯಬೇಡಿ, ರಸ್ತೆಬದಿಯ ಬಂಡೆಯಲ್ಲೇ ಎಲ್ಲವೂ ಕಾಣುತ್ತದೆ.