ಆಟಕ್ಕೆ ಮುಂಚಿನ ಹಾಡು

ಬಳ್ಳಾರಿ ಕಡೆಯಿಂದ ಸಿರುಗುಪ್ಪ ದಾಟಿ ಬಸ್ಸಿನಲ್ಲಿ ಬಂದರೆ ಮೊದಲು ಸಿಂಧನೂರು, ಆಮೇಲೆ ಮಸ್ಕಿ, ಅಲ್ಲಿಂದ ಮುಂದೆ ಲಿಂಗಸುಗೂರು. ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಮಸ್ಕಿ ಹತ್ತಿರ ಬಂದಂತೆ ಕಲ್ಲುಗುಡ್ಡಗಳು. ಈ ಕಡೆ ಬಂದವರು ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೋಡುತ್ತಾರೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ನೋಡುತ್ತಾರೆ, ಹೊರಡುತ್ತಾರೆ. ಆದರೆ ಈ ಸೀಮೆಯಲ್ಲಿ ಕಿವಿಗೊಟ್ಟು ಕೇಳಬೇಕಾದದ್ದೂ ಒಂದಿದೆ ನೋಡಿ: ಆಟ ಶುರುವಾಗುವ ಮುಂಚಿನ ಹಾಡು.

ಹಳ್ಳಿಯ ದೊಡ್ಡಾಟ ನೀವು ನೋಡಿರಬಹುದು. ಭುಜಕೀರ್ತಿ, ಕಿರೀಟ ತೊಟ್ಟ ವೇಷಗಳು ಬರುವುದು ಆಮೇಲೆ. ಮೊದಲು ಹಿಮ್ಮೇಳದವರು ಗಣಪತಿಯನ್ನು ಸ್ತುತಿಸಬೇಕು, ಶಾರದೆಯನ್ನು ಕರೆಯಬೇಕು. "ಗಣಪತಿ ಪದಾ ಆಗಲಾರದ ಆಟ ಸುರು ಆಗೂದಿಲ್ಲವ್ವಾ" ಎನ್ನುತ್ತಾರೆ ಹಿರಿಯರು. ರಾತ್ರಿಯೆಲ್ಲ ಕುಣಿಯಬೇಕು, ಮಾತು ತಪ್ಪಬಾರದು, ತಾಳ ತಪ್ಪಬಾರದು. ಅದಕ್ಕೇ ದೇವರ ಅಪ್ಪಣೆ.

ದೊಡ್ಡಾಟದಲ್ಲಿ ಹೆಣ್ಣುವೇಷವನ್ನೂ ಹೆಚ್ಚಾಗಿ ಗಂಡಸರೇ ಕಟ್ಟುತ್ತಿದ್ದರು. ಹಾಗಾದರೆ ಹೆಂಗಸರ ಹಾಡು ಎಲ್ಲಿತ್ತು? ಬೀಸುಕಲ್ಲಿನ ಮುಂದೆ! ಬೆಳಗಿನ ಜಾವ ಜೋಳ ಬೀಸಲು ಕೂತವಳು ಕಲ್ಲನ್ನು ನೆನೆದು, ದೇವರನ್ನು ನೆನೆದು ಪದ ಎತ್ತುತ್ತಿದ್ದಳು. ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಪದವೂ ಸದ್ದಡಗಿತು.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಸಣ್ಣ ಊರುಗಳಲ್ಲೂ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರು ಗೆಜ್ಜೆ ಕಟ್ಟುತ್ತಾರೆ. ಭರತನಾಟ್ಯದಲ್ಲಿ ಮೊದಲಿಗೆ ಬರುವುದು ಸಾಮಾನ್ಯವಾಗಿ ಪುಷ್ಪಾಂಜಲಿ. ಬೊಗಸೆಯ ಹೂವನ್ನು ದೇವರಿಗೆ, ಗುರುವಿಗೆ, ಸಭೆಗೆ ಅರ್ಪಿಸುವ ನೃತ್ಯ ಅದು. ಜೊತೆಗೆ ಗಣಪತಿ ಸ್ತುತಿಯೋ ತೋಡಯ ಮಂಗಳವೋ ಇರುತ್ತದೆ. ಅಲರಿಪ್ಪಿನಲ್ಲಾದರೋ ಪದ್ಯವೇ ಇಲ್ಲ, ಬರೀ ತಾಳದ ಸೊಲ್ಲು. ಮೈ ಹೂವಿನಂತೆ ಒಂದೊಂದೇ ಎಸಳು ಬಿಚ್ಚಿಕೊಳ್ಳಬೇಕು. ಅದಕ್ಕೂ ಮೊದಲು ಹುಡುಗಿ ಬಗ್ಗಿ ನೆಲ ಮುಟ್ಟಿ ನಮಸ್ಕರಿಸುತ್ತಾಳಲ್ಲ, ತುಳಿಯುತ್ತೇನೆ ತಾಯಿ, ಕ್ಷಮಿಸು ಎಂದು ಅದರ ಅರ್ಥ.

ಇದೆಲ್ಲ ದೂರದ ತಂಜಾವೂರಿನ ವಿದ್ಯೆ, ನಮಗೇನು ಗೊತ್ತು ಅನ್ನಬೇಡಿ. ಸಂಗೀತ ಕಲಿಯುವ ಮಕ್ಕಳು ಮೊದಮೊದಲು ಹಾಡುವ ಪಿಳ್ಳಾರಿ ಗೀತೆಗಳು ಪುರಂದರದಾಸರವು ಎಂದೇ ಪ್ರತೀತಿ. ಅವು ಮಲಹರಿ ರಾಗದವು. ಮೊದಲನೆಯದರಲ್ಲೇ ಗಣಪತಿಯ ಸ್ತುತಿ. ಇನ್ನು ಈ ರಾಯಚೂರು ಸೀಮೆ ದಾಸರ ತವರು. ಸಿಂಧನೂರಿನ ನೆರೆಯ ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ ತೆರೆಯುವುದೇ ಮಂಗಳಾಚರಣ ಸಂಧಿಯಿಂದ. ಅವರ ಶಿಷ್ಯ ಪ್ರಾಣೇಶದಾಸರು ಇದೇ ಲಿಂಗಸುಗೂರಿನವರು. ಇಂಥ ದೇವರನಾಮಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡವರಲ್ಲಿ ಎಷ್ಟೋ ಮಂದಿ ಅಡುಗೆಮನೆಯ ಹೆಂಗಸರು.

ಮಗಳು ಕುಣಿಯುತ್ತಾಳೆಂದರೆ ಮುಖ ಸಿಂಡರಿಸುವ ಹಿರಿಯರು ಇನ್ನೂ ಇದ್ದಾರೆ. ಅದಕ್ಕೆ ಕಾರಣವೂ ಗೊತ್ತಿದ್ದದ್ದೇ. ಗುಡಿಯಲ್ಲಿ ಕುಣಿದು, ಹಾಡಿ ಈ ವಿದ್ಯೆಯನ್ನು ಉಳಿಸಿದವರಲ್ಲಿ ದೇವದಾಸಿಯರು ಮುಖ್ಯರು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಕೆಟ್ಟ ಪದ್ಧತಿಯಿಂದ ಈ ಜಿಲ್ಲೆಯೂ ನೊಂದಿದೆ. ಅದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1982ರ ಕಾಯ್ದೆ ಬಂತು. ತಪ್ಪು ಪದ್ಧತಿಯದು, ಆ ಹೆಂಗಸರದೂ ಅಲ್ಲ, ಅವರ ಹಾಡಿನದೂ ಅಲ್ಲ. ಹೂ ಅರ್ಪಿಸುವಾಗ ಅವರನ್ನೂ ಒಮ್ಮೆ ನೆನೆದರೆ ತಪ್ಪೇನು?

ಮೊಬೈಲಿನಲ್ಲಿ ಹಾಡು ಹಾಕಿ ಹೆಜ್ಜೆ ಕಲಿಸಿಬಿಡಬಹುದು. ಆದರೆ ಅರ್ಥ ತಿಳಿಯದ ಹುಡುಗಿಯ ಕೈ ಮುದ್ರೆ ಹಿಡಿಯುತ್ತದೆ, ಕಣ್ಣು ಸುಮ್ಮನಿರುತ್ತದೆ. ಆದ್ದರಿಂದ ಇಷ್ಟು ಮಾಡಿ. ಮಗಳು ಕುಣಿಯಲಿರುವ ಸ್ತುತಿಯನ್ನು ನೋಟುಬುಕ್ಕಿನಲ್ಲಿ ಬರೆಸಿ. ಮಗ್ಗುಲಲ್ಲಿ ಕೂರಿಸಿಕೊಂಡು ಸಾಲುಸಾಲಾಗಿ ಅರ್ಥ ಹೇಳಿ. ನಿಮಗೆ ತಿಳಿಯದಿದ್ದರೆ ಅತ್ತೆಯನ್ನೋ ಅವ್ವನನ್ನೋ ಕೇಳಿ. ಅವರು ಹಾಡಿ ತೋರಿಸಿದರೆ ಇನ್ನೂ ಚೆನ್ನ. ದನಿ ನಡುಗಿದರೂ ಚಿಂತೆಯಿಲ್ಲ, ಮಗು ಕೇಳಿಸಿಕೊಳ್ಳಲಿ. ಗೆಜ್ಜೆಯನ್ನು ಪೇಟೆಯಿಂದ ತರಬಹುದು, ಅವ್ವನ ಬಾಯಲ್ಲಿರುವ ಪದ ಮನೆಯಲ್ಲೇ ಸಿಗಬೇಕು.