ವಿಶೇಷಣದ ನಂಟು

60 ದಾಟಿದ ಮೇಲೆ ಹೊಸ ಭಾಷೆ ಕಲಿಯಹೊರಟವನನ್ನು ಕಂಡು ನೆರೆಹೊರೆಯವರು ನಗುವುದು ಸಹಜವೇ. ಆದರೆ ನನ್ನ ಬೀಗಿತ್ತಿಯವರಿಗೆ ತುರ್ಕಿ ಭಾಷೆಯೊಂದನ್ನು ಬಿಟ್ಟರೆ ಬೇರೆ ಬಾರದು. ಅವರಿರುವುದು ಇಜ್ಮಿರ್ ಪಟ್ಟಣದಲ್ಲಿ. ನಮ್ಮಿಬ್ಬರ ಮೊಮ್ಮಗಳು ಬೆಳೆಯುತ್ತಿರುವುದೂ ಅಲ್ಲಿಯೇ. ಮಗುವಿನ ವಿಚಾರ ನಾಲ್ಕು ಮಾತಾಡಬೇಕಾದರೆ ವಿಶೇಷಣಗಳಿಲ್ಲದೆ ಹೇಗೆ? ಬರಿಯ ನಾಮಪದಗಳಿಂದ ಸಂತೆಯ ವ್ಯವಹಾರ ನಡೆದೀತು, ಅಜ್ಜನ ವ್ಯವಹಾರ ನಡೆಯದು. 1928ರಿಂದ ಅವರದು ರೋಮನ್ ಲಿಪಿಯಾದ್ದರಿಂದ ಓದುವ ಕಷ್ಟವೂ ಅಷ್ಟಾಗಿಲ್ಲ.

ವಿಶೇಷಣವೆಂದರೆ ನನಗೆ ಶಾಲೆಯ ಸಂಸ್ಕೃತದ ಕಾಲದಿಂದಲೂ ಅಂಜಿಕೆ. ಅಲ್ಲಿ ಅದು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನೆಲ್ಲ ಹೊತ್ತು ನಡೆಯಬೇಕು. ತುರ್ಕಿಯಲ್ಲಿ ಆ ಊಳಿಗವಿಲ್ಲ. 'ಇಯಿ' ಎಂದರೆ ಒಳ್ಳೆಯ. ಗಂಡಸಿಗೂ ಹೆಂಗಸಿಗೂ ಕುದುರೆಗೂ ಅದೊಂದೇ 'ಇಯಿ'. 'ಗ್ಯುಜೆಲ್ ಎವ್' ಎಂದರೆ ಸೊಗಸಾದ ಮನೆ. 'ಗ್ಯುಜೆಲ್ ಎವ್ಲೆರ್' ಎಂದರೆ ಸೊಗಸಾದ ಮನೆಗಳು. ಬಹುವಚನದ ಭಾರವೆಲ್ಲ ಮನೆಯ ಮೇಲೆಯೇ. ತಿರುಗಿಸಿ 'ಎವ್ ಗ್ಯುಜೆಲ್' ಎಂದರೆ 'ಮನೆ ಸೊಗಸು' ಎಂದಾಯಿತು. ನಮ್ಮಲ್ಲಿಯಂತೆಯೇ ನಡುವೆ ಕ್ರಿಯಾಪದದ ಹಂಗಿಲ್ಲ.

ಕ್ರಿಯೆಯೇ ವಿಶೇಷಣವಾಗುವಾಗಲೂ ಹೀಗೆಯೇ. 'ದ್ಯುನ್ ಗೆಲೆನ್ ಅದಾಮ್' ಎಂದರೆ 'ನಿನ್ನೆ ಬಂದ ಮನುಷ್ಯ': ಮೂರು ಪದಕ್ಕೆ ಮೂರು ಪದ, ಅದೇ ಸಾಲಿನಲ್ಲಿ. ಅವರ 'ಶೆಕೆರ್' ನಮ್ಮ ಸಕ್ಕರೆಯೇ. ಸಕ್ಕರೆ ಹಾಕಿದ್ದು 'ಶೆಕೆರ್ಲಿ', ಹಾಕದ್ದು 'ಶೆಕೆರ್ಸಿಜ್'. ಸಕ್ಕರೆಯಿಲ್ಲದ ಕಾಫಿಗೆ 'ಸಾದೆ' ಎಂದೂ ಹೇಳುತ್ತಾರೆ. ನಮ್ಮ ಸಾದಾ ದೋಸೆಯ 'ಸಾದಾ'ದಂತೆ ಅದೂ ಪಾರಸಿಯಿಂದ ಬಂದದ್ದು.

ಆದರೆ ನನ್ನ ಮನಸ್ಸನ್ನು ಪೂರ್ತಿ ಗೆದ್ದದ್ದು ಇನ್ನೊಂದು. 'ಬೆಯಾಜ್' ಎಂದರೆ ಬಿಳಿ, ಅಚ್ಚಬಿಳಿಯಾದರೆ 'ಬೆಂಬೆಯಾಜ್'. 'ತೆಮಿಜ್' ಎಂದರೆ ಚೊಕ್ಕಟ; ಬಲು ಚೊಕ್ಕಟವಾದರೆ 'ತೆರ್ತೆಮಿಜ್'. ಪದದ ಮೊದಲ ತುಣುಕನ್ನು ಹಿಡಿದು, ಅದಕ್ಕೆ ಮ, ಪ, ರ, ಸಗಳಲ್ಲೊಂದನ್ನು ಅಂಟಿಸಿ ಮುಂದಿಡುತ್ತಾರೆ. ಯಾವ ಪದಕ್ಕೆ ಯಾವುದೆಂಬುದು ಮಾತ್ರ ಬಾಯಿಪಾಠವೇ. ಇದನ್ನು ಓದಿದೊಡನೆ ನನ್ನ ನಾಲಗೆಗೆ ತಾನಾಗಿ ಬಂದವು: ತುತ್ತತುದಿ, ನಟ್ಟನಡು, ಬಟ್ಟಬಯಲು, ಕಟ್ಟಕಡೆ! ಪಂಡಿತರು ಈ ಎರಡು ಭಾಷೆಗಳನ್ನು ಬೇರೆ ಬೇರೆ ಕುಲಕ್ಕೆ ಸೇರಿಸುತ್ತಾರೆ. ಇರಲಿ, ಬೀಗತನ ನಡೆಯುವುದೂ ಬೇರೆ ಬೇರೆ ಮನೆಗಳ ನಡುವೆಯೇ ಅಲ್ಲವೇ?

ಮೊಮ್ಮಗಳಿಗೆ ಕನ್ನಡ ದೂರವಾದೀತೆಂಬ ಅಳುಕು ನನ್ನನ್ನು ಬಹು ದಿನ ಕಾಡಿತ್ತು. ಈಗ ಅದು ಅರ್ಧ ಇಳಿದಿದೆ. ಪದಗಳನ್ನು ನಾನು ಒಂದೊಂದಾಗಿ ಕಲಿಸಬೇಕು, ನಿಜ. ಅವುಗಳನ್ನು ಜೋಡಿಸುವ ಸಾಲು ಮಾತ್ರ ಆ ಮಗುವಿಗೆ ಅಜ್ಜಿಯ ಮಾತಿನಿಂದಲೇ ಗೊತ್ತಾಗಿದೆ.