ಕಲ್ಲಿನ ಆನೆ ನಡೆಯಬೇಕೇ?

ಅರಸೀಕೆರೆಯಿಂದ ಸುಮಾರು ಎಂಟು ಕಿಲೋಮೀಟರ್ ದೂರದ ನಮ್ಮ ಹಾರನಹಳ್ಳಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೇಲೂರು, ಹಳೇಬೀಡು ನೋಡಿ ದಣಿದೇ ಬರುತ್ತಾರೆ. ಲಕ್ಷ್ಮೀನರಸಿಂಹ ದೇವಾಲಯದ ಎದುರು ನಿಂತು, "ಇಂಥದ್ದೊಂದು ಇಲ್ಲಿದೆ ಅಂತ ಗೊತ್ತೇ ಇರಲಿಲ್ಲ" ಎನ್ನುತ್ತಾರೆ. ಈ ಮಾತು ಕೇಳಿ ಕೇಳಿ ಸಾಕಾಗಿ, ನನ್ನ ಮೊಮ್ಮಕ್ಕಳಿಬ್ಬರೂ ಬೇಸಿಗೆ ರಜೆಯಲ್ಲಿ ಊರಿಗೊಂದು ಜಾಲತಾಣ ಮಾಡಲು ಕೂತರು. ಬರೆದುಕೊಡುವ ಕೆಲಸ ಈ ಅಜ್ಜಿಯ ಪಾಲಿಗೆ ಬಂತು.

ಬರಹ ಬೇಗ ಮುಗಿಯಿತು. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ, 1235ರಲ್ಲಿ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ಗುಡಿ ಇದು. ಚರ್ಚೆ ಶುರುವಾದದ್ದು ಆಮೇಲೆ. ಪುಟ ತೆರೆದ ಕೂಡಲೇ ನಾದಸ್ವರ ಮೊಳಗಬೇಕು, ಕಲ್ಲಿನ ಆನೆಗಳು ಸೊಂಡಿಲು ಬೀಸಿ ನಡೆಯಬೇಕು ಎಂದು ಮೊಮ್ಮಗನ ಹಟ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಯಾಕೆ?"

ಮೊದಲು ತೂಕ ನೋಡಿದೆವು. ಯೂನಿಕೋಡ್‌ನಲ್ಲಿ 'ಕ' ಎಂಬ ಅಕ್ಷರಕ್ಕೆ ಮೂರು ಬೈಟ್ ಸಾಕು. ನಾನು ಬರೆದ ಪುಟವೆಲ್ಲ ಸೇರಿ ಹದಿನೈದು ಕೆ.ಬಿ. ಆಸುಪಾಸು. ಧ್ವನಿಯಾದರೆ ಒಂದು ನಿಮಿಷಕ್ಕೆ ಅರ್ಧದಿಂದ ಒಂದು ಎಂ.ಬಿ. ಫೋನಿನಲ್ಲಿ ತೆಗೆದ ವಿಡಿಯೊವನ್ನು ಕುಗ್ಗಿಸದೆ ಇಟ್ಟರೆ, ಒಂದು ನಿಮಿಷವೇ ನೂರು ಎಂ.ಬಿ. ಸಮೀಪ ಹೋಗುತ್ತದೆ. ತೋಟದ ಅಂಚಿನಲ್ಲಿ ಒಂದೇ ಗೆರೆ ಸಿಗ್ನಲ್ ಹಿಡಿದು ನೋಡುವವರಿಗೆ ಇದು ಸಣ್ಣ ಹೊರೆಯಲ್ಲ.

ನಾದಸ್ವರದ ವಿಚಾರ ಬೇರೆ ಕಾರಣದಿಂದ ಬಿದ್ದುಹೋಯಿತು. ಕಣ್ಣು ಕಾಣದವರಿಗೆ ಫೋನೇ ಪುಟವನ್ನು ಓದಿ ಹೇಳುತ್ತದೆ. ಅದರ ಮೇಲೆ ವಾದ್ಯ ಮೊಳಗಿದರೆ ಅವರಿಗೆ ಕೇಳುವುದೇನು? ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಮೊಳಗುವ ಸದ್ದನ್ನು ನಿಲ್ಲಿಸಲು ದಾರಿ ಇರಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಕರೆಯದೆ ಬಂದ ನೆಂಟ ಬಾಗಿಲಲ್ಲೇ ಕೂಗಾಡಬಾರದಲ್ಲ!

ಇನ್ನು ಆನೆಗಳು. ಹಳೇಬೀಡಿನ ಹೊಯ್ಸಳೇಶ್ವರನ ಗೋಡೆ ನೆನಪಿಸಿಕೊಳ್ಳಿ ಮಕ್ಕಳೇ. ಕೆಳಗೆ ಆನೆಗಳ ಸಾಲು, ಮೇಲಿನ ಒಂದು ಪಟ್ಟಿಕೆಯಲ್ಲಿ ರಾಮಾಯಣ, ಮಹಾಭಾರತದ ಕಥೆಗಳು. ನೀವು ನಿಂತರೆ ಕಥೆಯೂ ನಿಲ್ಲುತ್ತದೆ, ನಡೆದರೆ ಮುಂದುವರಿಯುತ್ತದೆ. ಅಲ್ಲಿ ನಡೆಯಬೇಕಾದವರು ನಾವು, ಆನೆಯಲ್ಲ. ಇದನ್ನು ಹೇಳಿದಾಗ ಮೊಮ್ಮಗ ತುಸು ಯೋಚಿಸಿ, "ಹಾಗಾದರೆ ಬೆರಳಿನಿಂದ ಸರಿಸಿದರೆ ಮುಂದೆ ಹೋಗುವ ಚಿತ್ರ ಇಡೋಣ" ಎಂದ. ಅದು ಸರಿಯೆನಿಸಿತು.

ಅನಿಮೇಷನ್ ಬೇಡವೇ ಬೇಡ ಎಂದೇನೂ ನಾವು ತೀರ್ಮಾನಿಸಲಿಲ್ಲ. ನಮ್ಮ ಗುಡಿಯಲ್ಲಿ ಗರ್ಭಗುಡಿ ಮೂರು, ಶಿಖರ ನಡುವಿನದಕ್ಕೆ ಮಾತ್ರ. ಹಾಗಾಗಿ ಹೊರಗೆ ನಿಂತವರಿಗೆ ಒಂದೇ ಗುಡಿ ಎನಿಸುತ್ತದೆ. ಚಾವಣಿ ಮೆಲ್ಲಗೆ ಮೇಲೆದ್ದು ಒಳಗಿನ ಮೂರೂ ಗರ್ಭಗುಡಿ ಕಾಣುವಂತೆ ಮೊಮ್ಮಗ ಐದು ಹಾಳೆಯಲ್ಲಿ ಚಿತ್ರ ಬರೆದ. ಒತ್ತಿದರೆ ಮಾತ್ರ ಅದು ಚಲಿಸುತ್ತದೆ. ಕಣ್ಣಿಗೆ ಕಾಣದ್ದನ್ನು ತೋರಿಸುತ್ತದೆ, ಆದ್ದರಿಂದ ಉಳಿಯಿತು. ಐದೂ ಹಾಳೆಗಳನ್ನು ಚಿತ್ರಗಳಾಗಿಯೂ ಇಟ್ಟೆವು. ಒಂದು ಕಾಲಕ್ಕೆ ಜಾಲತಾಣಗಳ ತುಂಬ ಕುಣಿಯುತ್ತಿದ್ದ 'ಫ್ಲ್ಯಾಶ್' ಚಿತ್ರಗಳಿಗೆ 2020ರ ಕೊನೆಗೆ ಬೆಂಬಲವೇ ನಿಂತುಹೋಯಿತು. ಬಳಪದ ಕಲ್ಲಿನ ಗುಡಿ ಎಂಟುನೂರು ವರ್ಷದ ಹತ್ತಿರ ಬಂದಿದೆ. ನಮ್ಮ ಕಂಪ್ಯೂಟರ್ ಕೆಲಸ ಇಪ್ಪತ್ತು ವರ್ಷವಾದರೂ ಬಾಳಲಿ.

ಕಷ್ಟವಾದದ್ದು ಧ್ವನಿಯ ತೀರ್ಮಾನ. ನಮ್ಮ ದೊಡ್ಡತ್ತಿಗೆಗೆ ತೊಂಬತ್ತು ಹತ್ತಿರ. ರಾಗಿ ಬೀಸುವ ಪದಗಳು ಅವರ ಬಾಯಲ್ಲಿವೆ. ನಾನು ಮೂರನ್ನು ಬರೆದುಕೊಂಡಿದ್ದೆ, ಆದರೆ ಹಾಳೆಯ ಮೇಲೆ ಅವು ಒಣಗಿದ ಎಲೆಯಂತಿದ್ದವು. ರಾಗ ಅಕ್ಷರಕ್ಕೆ ಸಿಗುವುದಿಲ್ಲ. ಅವರ ದನಿಯೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಮೊಮ್ಮಗಳು ಅವರ ಪಕ್ಕ ಕೂತು ಮೂರನ್ನೂ ಹಾಡಿಸಿ ಧ್ವನಿ ಹಿಡಿದಳು. ಬೀಸುಕಲ್ಲು ತಿರುಗುವ ಲಯವೇ ಹಾಡಿನ ತಾಳ. ಬೀಸುಕಲ್ಲನ್ನೇ ನೋಡದ ಮಕ್ಕಳಿಗೆ ಅದು ತಿಳಿಯುವುದು ಹೇಗೆ? ಅದಕ್ಕಾಗಿ ಅವರ ಕೈ ಮತ್ತು ಕಲ್ಲು ಮಾತ್ರ ಕಾಣುವ ನಲವತ್ತು ಸೆಕೆಂಡಿನ ವಿಡಿಯೊ ತೆಗೆದು, ಕುಗ್ಗಿಸಿ ಇಟ್ಟೆವು. ಅದೊಂದೇ ವಿಡಿಯೊ.

ಪ್ರಪಂಚವೆಲ್ಲ ಕೇಳಬಹುದು ಎಂದಾಗ ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡು ಹಾಕ್ರಿ. ತವರಿನ ಪದ ಬ್ಯಾಡ. ಅದು ನಮ್ಮವ್ವಂದು, ಮನೆಯೊಳಗಿರಲಿ" ಎಂದರು. ಮೂರರಲ್ಲಿ ತುಂಬ ಚೆನ್ನಾಗಿ ಬಂದಿದ್ದದ್ದು ಅದೇ. ಮೊಮ್ಮಗನ ಮುಖ ಬಾಡಿತು. ಮೊಮ್ಮಗಳು ಮಾತ್ರ ಅದನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಅತ್ತಿಗೆಯ ಟ್ರಂಕಿನಲ್ಲಿಟ್ಟಳು. ಇನ್ನೆರಡು ಹಾಡುಗಳ ಕೆಳಗೆ, ಕಿವಿ ಕೇಳದವರೂ ಓದಿಕೊಳ್ಳಲೆಂದು, ಪೂರ್ತಿ ಸಾಲುಗಳನ್ನು ನಾನು ಬರೆದೆ.

ಹೀಗೆ ನಮಗೊಂದು ಲೆಕ್ಕ ಸಿಕ್ಕಿತು. ಓದಿದರೆ ತಿಳಿಯುವುದಕ್ಕೆ ಅಕ್ಷರ, ನೋಡಿದರೆ ತಿಳಿಯುವುದಕ್ಕೆ ಚಿತ್ರ, ಕೇಳಲೇಬೇಕಾದದ್ದಕ್ಕೆ ಧ್ವನಿ, ಚಲನೆಯಲ್ಲೇ ಅರ್ಥವಿದ್ದರೆ ಮಾತ್ರ ವಿಡಿಯೊ. ಮಕ್ಕಳೇ, ಜಾಲತಾಣ ಇಲ್ಲದಿದ್ದರೂ ಚಿಂತೆಯಿಲ್ಲ. ಈ ಭಾನುವಾರ ನಿಮ್ಮ ಅಜ್ಜಿಯೋ ತಾತನೋ ಹಾಡುವುದನ್ನು ಫೋನಿನಲ್ಲಿ ಹಿಡಿದಿಡಿ. ಯಾವುದನ್ನು ಊರಿಗೆ ಕೊಡುವುದು, ಯಾವುದನ್ನು ಮನೆಯಲ್ಲಿಡುವುದು ಎಂದು ಅವರನ್ನೇ ಕೇಳಿ.